ಹಬ್ಬಕ್ಕೆ ಮಕ್ಕಳಿಗೆ ಎಷ್ಟು ಉಡುಗೊರೆ? ಒಂದೋ, ಮೂರೋ, ನಾಲ್ಕೋ

ದಸರಾ ರಜೆ ಮುಗಿದು ಮಕ್ಕಳು ಮತ್ತೆ ಶಾಲೆಗೆ ಹೊರಟ ವಾರದಿಂದಲೇ ಅನೇಕ ಮನೆಗಳಲ್ಲಿ ದೀಪಾವಳಿಯ ಲೆಕ್ಕಾಚಾರ ಆರಂಭವಾಗುತ್ತದೆ. ಬಟ್ಟೆಯ ವಿಷಯದಲ್ಲಿ ಯಾರಿಗೂ ಗೊಂದಲವಿಲ್ಲ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆಸ್ನಾನವಾದ ಮೇಲೆ ಮಕ್ಕಳ ಮೈಮೇಲೆ ಹೊಸ ಬಟ್ಟೆ ಇರಲೇಬೇಕು. ಗೊಂದಲ ಶುರುವಾಗುವುದು ಅದರಾಚೆಗೆ. ನಾವು ಚಿಕ್ಕವರಿದ್ದಾಗ ಬಟ್ಟೆ, ಪಟಾಕಿ, ಕಜ್ಜಾಯ ಇಷ್ಟರಲ್ಲೇ ಹಬ್ಬ ತುಂಬಿಹೋಗುತ್ತಿತ್ತು; ಆಟದ ಸಾಮಾನು ಬೇಕೆಂದರೆ ಊರ ಜಾತ್ರೆಯವರೆಗೆ ಕಾಯಬೇಕಿತ್ತು. ಈಗ ಹಬ್ಬದ ರಿಯಾಯಿತಿಯ ಜಾಹೀರಾತು ಫೋನಿಗೇ ಬರುತ್ತದೆ, ಪಕ್ಕದ ಮನೆಯ ಹುಡುಗನಿಗೆ ರಿಮೋಟ್ ಕಾರು ಬಂದಿರುತ್ತದೆ, ‘ನಮಗೆ ಈ ಸಲ ಎಷ್ಟು ಗಿಫ್ಟ್?’ ಎಂಬ ಪ್ರಶ್ನೆ ಊಟಕ್ಕೆ ಕುಳಿತಾಗ ಎದುರಾಗುತ್ತದೆ. ಏನು ಕೊಡುತ್ತೀರಿ ಎಂದು ಕೇಳುವ ಮಕ್ಕಳು ಕಡಿಮೆ. ಎಷ್ಟು ಎಂದು ಕೇಳುವವರೇ ಹೆಚ್ಚು.

ಈ ‘ಎಷ್ಟು’ ಎಂಬುದಕ್ಕೆ ಉತ್ತರ ಹುಡುಕುತ್ತಿರುವ ತಂದೆತಾಯಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಆಯ್ದುಕೊಂಡ ಸಂದರ್ಭ ದೀಪಾವಳಿ, ಏಕೆಂದರೆ ನಮ್ಮಲ್ಲಿ ಉಡುಗೊರೆಗಳು ರಾಶಿಯಾಗುವುದು ಆಗಲೇ. ಕ್ರಿಸ್‌ಮಸ್ ಆಚರಿಸುವ ಮನೆಗಳಿಗೂ ಇದೇ ಲೆಕ್ಕ ಬಹುಮಟ್ಟಿಗೆ ಹೊಂದುತ್ತದೆ. ರಂಜಾನ್ ಹಬ್ಬದಂದು ಹಿರಿಯರೆಲ್ಲ ಮಕ್ಕಳ ಕೈಗೆ ಈದಿಯ ಹಣವನ್ನೇ ಇಡುವ ಮನೆಗಳಲ್ಲಿ ಸಂಖ್ಯೆಯ ತಕರಾರು ಅಷ್ಟಾಗಿ ಏಳುವುದಿಲ್ಲ. ಆ ಪದ್ಧತಿಯಿಂದ ಉಳಿದವರು ಕಲಿಯುವುದಿದೆ, ಮುಂದೆ ಹೇಳುತ್ತೇನೆ.

ಮೊದಲು ಒಂದು ಸಂಜೆಯ ಸಂಗತಿ. ಮೂರು ವರ್ಷದ ಹಿಂದೆ ಮಗನಿಗೆ ಸೈಕಲ್ ತಂದೆವು, ಆಗ ಐದು ವರ್ಷದವಳಾಗಿದ್ದ ಮಗಳಿಗೆ ಚಿಕ್ಕಚಿಕ್ಕ ನಾಲ್ಕು ಸಾಮಾನು ತಂದೆವು. ಸೈಕಲ್ಲಿನ ಬೆಲೆಯ ಅರ್ಧದಷ್ಟೂ ಆ ನಾಲ್ಕಕ್ಕೆ ಆಗಿರಲಿಲ್ಲವಾದ್ದರಿಂದ ಮಗಳಿಗೆ ಅನ್ಯಾಯವಾಯಿತೇನೋ ಎಂಬ ಅಳುಕು ನಮಗಿತ್ತು. ನಡೆದದ್ದು ತಿರುವುಮುರುವು. ಪೂಜೆ ಮುಗಿದ ಮೇಲೆ ಮಗಳು ತನ್ನ ಪೊಟ್ಟಣಗಳನ್ನು ಜಮಖಾನದ ಮೇಲೆ ಸಾಲಾಗಿ ಜೋಡಿಸಿ ಬೆರಳು ಮಡಚುತ್ತಾ ಎಣಿಸಿದಳು. ಅವಳಣ್ಣ ಸೈಕಲ್ಲಿನ ಬೆಲ್ಲಿನ ಮೇಲೆ ಕೈಯಿಟ್ಟುಕೊಂಡು ನಿಂತವನು, ‘ಅವಳಿಗೆ ನಾಲ್ಕು, ನನಗೆ ಒಂದೇ’ ಎಂದು ಮುಖ ಊದಿಸಿದ. ಅಷ್ಟರಲ್ಲಿ ಅವಳ ಸೋದರಮಾವ ಬಂದು ಐದನೆಯದನ್ನು ಅವಳ ಕೈಗಿಟ್ಟರು. ಆ ರಾತ್ರಿ ಸೈಕಲ್ ಮೆಟ್ಟಿಲ ಕೆಳಗೆ ಒಂಟಿಯಾಗಿ ನಿಂತಿತ್ತು.

ಅಂದಿನಿಂದ ನನಗೆ ಮನವರಿಕೆಯಾದ ಮಾತು ಇಷ್ಟು: ತಂದೆತಾಯಿ ಎಷ್ಟು ಕೊಡುತ್ತಾರೆ ಎಂಬಲ್ಲಿಂದ ಲೆಕ್ಕ ಹಿಡಿದರೆ ಅದು ತಪ್ಪಿಯೇ ತಪ್ಪುತ್ತದೆ. ಹಿಡಿಯಬೇಕಾದ ಲೆಕ್ಕ, ಎಲ್ಲ ಕಡೆಯಿಂದ ಸೇರಿ ಮಗುವಿನ ಕೈಗೆ ಎಷ್ಟು ಬರುತ್ತದೆ ಎಂಬುದು. ಕೆಳಗಿನ ಎಲ್ಲ ಹೋಲಿಕೆಯನ್ನೂ ಈ ದೃಷ್ಟಿಯಿಂದಲೇ ಮಾಡಿದ್ದೇನೆ.

ಯಾವುದನ್ನು ನೋಡಿ ನಿರ್ಧರಿಸಬೇಕು?

ಕೊಡುವವರು ಎಷ್ಟು ಮಂದಿ ಎಂಬುದನ್ನು ಎಲ್ಲಕ್ಕಿಂತ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಎರಡೂ ಕಡೆಯ ಅಜ್ಜಿ ತಾತಂದಿರು, ಸೋದರಮಾವ, ಅತ್ತೆ, ಚಿಕ್ಕಪ್ಪ, ಹಬ್ಬದ ಉಡುಗೊರೆಯ ಪೆಟ್ಟಿಗೆ ಕೊಡುವ ಕಚೇರಿ, ಎದುರುಮನೆಯ ಆಂಟಿ ಎಂದು ಎಣಿಸುತ್ತಾ ಹೋದರೆ ಒಟ್ಟು ಕುಟುಂಬದ ಒಬ್ಬಳೇ ಮೊಮ್ಮಗಳಿಗೆ, ನೀವು ಏನೂ ಕೊಡದೆಯೇ, ಆರೇಳು ಬಂದುಬಿಡುತ್ತವೆ. ಇನ್ನೊಂದೆಡೆ, ಊರು ಬಿಟ್ಟು ಬಂದು ದೊಡ್ಡ ನಗರದಲ್ಲಿ ಗಂಡ ಹೆಂಡತಿ ಮಗು ಮೂವರೇ ಇರುವ ಮನೆಯಲ್ಲಿ ನೀವು ಕೊಟ್ಟದ್ದೇ ಮೊದಲು, ಕೊಟ್ಟದ್ದೇ ಕೊನೆ. ಒಂದೇ ಸಂಖ್ಯೆ ಈ ಎರಡು ಮನೆಗಳಿಗೂ ಸರಿಹೊಂದಲಾರದು.

ಎರಡನೆಯದು ವಯಸ್ಸು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಮುಂದೆ ಎರಡು ಸಾಲು ವಸ್ತುಗಳನ್ನು ಸಮಸಂಖ್ಯೆಯಲ್ಲಿ ಇಟ್ಟು, ಒಂದು ಸಾಲನ್ನು ಅಗಲವಾಗಿ ಹರಡಿದಾಗ ಚಿಕ್ಕ ಮಕ್ಕಳು ಹರಡಿದ ಸಾಲಿನಲ್ಲೇ ಹೆಚ್ಚಿವೆ ಎಂದು ಹೇಳುವುದನ್ನು ತೋರಿಸಿದ್ದರು. ಸುಮಾರು ಏಳು ವರ್ಷದವರೆಗೆ ಮಕ್ಕಳಿಗೆ ಕಣ್ಣಿಗೆ ಕಂಡದ್ದೇ ಪ್ರಮಾಣ. ಬೆಲೆ ಎಂಬುದು ಅವರ ಅರಿವಿಗೆ ಇನ್ನೂ ಎಟುಕಿರುವುದಿಲ್ಲ. ಹತ್ತು ದಾಟಿದವರಿಗೆ ಬೆಲೆ ತಿಳಿಯುತ್ತದೆ, ಮತ್ತು ನಾಲ್ಕು ಅಗ್ಗದ ಸಾಮಾನಿಗಿಂತ ತಾವು ಬಯಸಿದ ಒಂದು ಸಿಕ್ಕರೆ ಸಾಕೆನಿಸುತ್ತದೆ. ಇನ್ನು ತೀರಾ ಎಳೆಯರ ಬಗ್ಗೆ ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು ನಡೆಸಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಕೆಲಸಕ್ಕೆ ಬರುತ್ತದೆ. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ನಡುವೆ, ಇನ್ನೊಮ್ಮೆ 16 ಆಟಿಕೆಗಳ ನಡುವೆ ಆಡಲು ಬಿಟ್ಟು ನೋಡಿದಾಗ, ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಮನೆಯಲ್ಲಿ ಈಗಾಗಲೇ ಬುಟ್ಟಿ ತುಂಬ ಆಟಿಕೆ ಇರುವ ಎರಡು ವರ್ಷದ ಮಗುವಿಗೆ ಹಬ್ಬಕ್ಕೆಂದು ಇನ್ನೂ ಆರು ತರುವವರು ಇದನ್ನು ನೆನಪಿಡುವುದು ಒಳ್ಳೆಯದು.

ಮೂರನೆಯದು ಒಡಹುಟ್ಟಿದವರ ನಡುವಿನ ನ್ಯಾಯ. ನಾಲ್ಕನೆಯದು ಹಣ, ಇದನ್ನು ಹಬ್ಬದ ಲೆಕ್ಕದಲ್ಲಿ ನೋಡದೆ ವರ್ಷದ ಲೆಕ್ಕದಲ್ಲಿ ನೋಡಬೇಕು, ಹುಟ್ಟುಹಬ್ಬವೂ ಅದೇ ಗಂಟಿನಿಂದ ಆಗಬೇಕಾದ ಖರ್ಚೇ. ಐದನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಈ ವರ್ಷ ಮಾಡಿದ್ದನ್ನು ಮುಂದಿನ ವರ್ಷವೂ ಮಾಡಬಲ್ಲಿರಾ? ಮಕ್ಕಳ ಲೋಕದಲ್ಲಿ ಎರಡು ಸಲ ನಡೆದದ್ದು ಪದ್ಧತಿ, ಮೂರು ಸಲ ನಡೆದದ್ದು ಹಕ್ಕು. ಬೋನಸ್ ಬಂದ ವರ್ಷ ಐದು ಕೊಟ್ಟು, ಬಾರದ ವರ್ಷ ಎರಡಕ್ಕೆ ಇಳಿಸುವುದಕ್ಕಿಂತ ಎರಡೂ ವರ್ಷ ಮೂರರಲ್ಲೇ ನಿಲ್ಲುವುದು ಸುಲಭ.

ಬಟ್ಟೆ ಪಟಾಕಿ ಮಾತ್ರ

ಉಡುಗೊರೆಯೇ ಬೇಡ, ಹಳೆಯ ರೂಢಿ ಸಾಕು ಎನ್ನುವ ಮನೆಗಳನ್ನು ನಾನು ಹಿಂದುಳಿದವರೆಂದು ಎಣಿಸುವುದಿಲ್ಲ. ಕೊಡುವ ಬಂಧುಗಳು ಬಹಳವಿದ್ದರೆ ತಂದೆತಾಯಿಯ ಪಾಲಿಗೆ ಇದೇ ಅತ್ಯಂತ ಜಾಣ ಆಯ್ಕೆ: ಬಟ್ಟೆ ನಮ್ಮದು, ಉಳಿದದ್ದು ಅವರದು. ಪಟಾಕಿಯನ್ನು ಮಾತ್ರ ಲೆಕ್ಕದ ಹೊರಗಿಡಬೇಡಿ. ಒಂದು ಸಂಜೆಯಲ್ಲಿ ಹೊಗೆಯಾಗಿ ಹೋಗುವ ಆ ಹಣ ಹಲವು ಮನೆಗಳಲ್ಲಿ ಆಟಿಕೆಯ ಖರ್ಚನ್ನೂ ಮೀರುತ್ತದೆ. ಸುಪ್ರೀಂ ಕೋರ್ಟು 2018ರಲ್ಲಿ ಹಸಿರು ಪಟಾಕಿಗಷ್ಟೇ ಅವಕಾಶ ಕೊಟ್ಟು ದೀಪಾವಳಿಗೆ ರಾತ್ರಿ 8ರಿಂದ 10 ಗಂಟೆಯ ಮಿತಿ ಹಾಕಿದ ಮೇಲೆ ನಮ್ಮ ಪರಿಚಯದ ಒಂದೆರಡು ಮನೆಗಳವರು ಪಟಾಕಿಯ ಮೊತ್ತವನ್ನು ಅರ್ಧಕ್ಕಿಳಿಸಿ, ಉಳಿದರ್ಧದಲ್ಲಿ ಮಕ್ಕಳಿಗೆ ಬೇಕಾದದ್ದನ್ನು ಕೊಡಿಸುತ್ತಿದ್ದಾರೆ. ಹೊಸದಾಗಿ ಹಣ ಹೊಂದಿಸುವ ಗೋಜು ಅವರಿಗಿಲ್ಲ.

ಈ ಆಯ್ಕೆಯ ತೊಂದರೆ ಇರುವುದು ಸುತ್ತಲಿನ ಮಕ್ಕಳಲ್ಲಿ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಎಲ್ಲರೂ ತಮ್ಮತಮ್ಮ ಹೊಸ ಸಾಮಾನು ಹಿಡಿದು ಇಳಿದಾಗ ಬರಿಗೈಯಲ್ಲಿ ನಿಲ್ಲುವ ಆರು ವರ್ಷದ ಮಗುವಿಗೆ ಹಳೆಯ ರೂಢಿಯ ಹಿರಿಮೆ ಹೇಳಿ ಪ್ರಯೋಜನವಿಲ್ಲ. ನಿಮ್ಮ ಮನೆಗೆ ಬಂಧುಗಳ ಉಡುಗೊರೆಯೂ ಬರುವುದಿಲ್ಲವಾದರೆ ಸೊನ್ನೆಯಲ್ಲಿ ನಿಲ್ಲದಿರುವುದು ಮೇಲು.

ಒಂದೇ ದೊಡ್ಡದು

ಸೈಕಲ್ಲು, ಕೀಬೋರ್ಡು, ಕ್ರಿಕೆಟ್ ಕಿಟ್ಟು, ಓದುವ ಮೇಜು: ಇಂಥವು ಒಂದೇ ಸಾಕಾಗುವ ಉಡುಗೊರೆಗಳು. ಒಂಬತ್ತು ಹತ್ತು ವರ್ಷ ದಾಟಿದವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲವೆಂದೇ ನನ್ನ ಎಣಿಕೆ. ಹಣ ಒಂದೆಡೆ ಸೇರುವುದರಿಂದ ಗಟ್ಟಿಯಾದ ಸಾಮಾನು ಕೊಳ್ಳಬಹುದು, ಮನೆಯಲ್ಲಿ ಜಾಗ ಉಳಿಯುತ್ತದೆ, ವರ್ಷಗಟ್ಟಲೆ ಬಳಕೆಗೆ ಬರುತ್ತದೆ. ಅಜ್ಜಿ, ಮಾವ, ಚಿಕ್ಕಪ್ಪ ಎಲ್ಲರೂ ಒಂದಿಷ್ಟು ಹಾಕಿ ಒಂದನ್ನೇ ಕೊಡಿಸುವುದಕ್ಕೂ ಇದರಲ್ಲಿ ಅವಕಾಶವಿದೆ, ಮತ್ತು ಹಾಗೆ ಮಾಡಿದಾಗಲೇ ಈ ಪದ್ಧತಿ ನಿಜವಾಗಿ ‘ಒಂದು’ ಆಗಿ ಉಳಿಯುತ್ತದೆ. ಇಲ್ಲವಾದರೆ ನೀವು ಕೊಟ್ಟ ಒಂದರ ಪಕ್ಕದಲ್ಲಿ ಇತರರು ಕೊಟ್ಟ ಐದು ನಿಂತು, ಅದು ಆರರಲ್ಲೊಂದಾಗಿ ಕರಗುತ್ತದೆ.

ಆದರೆ ದೊಡ್ಡದು ತಪ್ಪಿದರೆ ಪೂರ್ತಿ ತಪ್ಪುತ್ತದೆ. ನಾಲ್ಕರಲ್ಲಿ ಒಂದು ಹಿಡಿಸದಿದ್ದರೆ ಉಳಿದ ಮೂರಿವೆ. ಒಂದರಲ್ಲಿ ಒಂದು ಹಿಡಿಸದಿದ್ದರೆ ಹಬ್ಬವೇ ಸಪ್ಪೆ. ಆದ್ದರಿಂದ ಇಲ್ಲಿ ಅಚ್ಚರಿಯ ಮೋಹ ಬಿಟ್ಟು, ಮಗುವನ್ನೇ ಅಂಗಡಿಗೆ ಕರೆದೊಯ್ದು, ಕೈಯಲ್ಲಿ ಹಿಡಿಸಿ, ಹತ್ತಿಸಿ ನೋಡಿ ಕೊಳ್ಳುವುದು ವಾಸಿ. ಏಳಕ್ಕಿಂತ ಚಿಕ್ಕವರಿಗೆ ದೊಡ್ಡದೊಂದನ್ನೇ ಕೊಡುವುದಾದರೆ ಅದರ ಜೊತೆಗೆ ಸಣ್ಣದೊಂದು ಸೇರಿಸಿ: ಸೈಕಲ್ಲಿನ ಜೊತೆ ಹೆಲ್ಮೆಟ್ಟನ್ನು ಬೇರೆ ಕಾಗದದಲ್ಲಿ ಸುತ್ತಿಕೊಟ್ಟರೂ ಅವರ ಎಣಿಕೆಯಲ್ಲಿ ಅದು ಎರಡು. ನಾವು ಆ ಉಪಾಯ ಅಂದು ಮಾಡಿದ್ದರೆ ಮೆಟ್ಟಿಲ ಕೆಳಗಿನ ಸೈಕಲ್ಲಿಗೆ ಆ ಗತಿ ಬರುತ್ತಿರಲಿಲ್ಲ.

ದಿನಕ್ಕೊಂದು

ಕರ್ನಾಟಕದ ದೀಪಾವಳಿ ಒಂದು ದಿನದ ಹಬ್ಬವಲ್ಲ. ನೀರು ತುಂಬುವ ಸಂಜೆಯಿಂದ ಹಿಡಿದು ನರಕ ಚತುರ್ದಶಿ, ಲಕ್ಷ್ಮೀಪೂಜೆಯ ಅಮಾವಾಸ್ಯೆ, ಬಲಿಪಾಡ್ಯಮಿ ಎಂದು ಹಬ್ಬ ಮುಂದುವರಿಯುತ್ತದೆ. ಯಹೂದಿಗಳು ಎಂಟು ದಿನದ ಹನುಕ್ಕಾ ಹಬ್ಬದಲ್ಲಿ ದಿನಕ್ಕೊಂದು ಉಡುಗೊರೆ ಕೊಡುವ ರೂಢಿಯನ್ನು ಅಮೆರಿಕದಲ್ಲಿ ಬೆಳೆಸಿಕೊಂಡಂತೆ, ನಮ್ಮಲ್ಲೂ ಮೂರು ದಿನಕ್ಕೆ ಮೂರು ಎಂದು ಇಟ್ಟುಕೊಳ್ಳುವುದು ಸಹಜವಾಗಿಯೇ ಹೊಂದುತ್ತದೆ. ನನಗೆ ಅತ್ಯಂತ ಇಷ್ಟವಾದ ಪದ್ಧತಿಯೂ ಇದೇ, ಅದರಲ್ಲೂ ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ.

ಕಾರಣವಿದೆ. ಸಂಖ್ಯೆ ಹಬ್ಬದಿಂದಲೇ ಬಂದದ್ದರಿಂದ ಅಪ್ಪ ಅಮ್ಮ ಹಾಕಿದ ಮಿತಿ ಎಂದು ಮಗುವಿಗೆ ಅನಿಸುವುದಿಲ್ಲ, ಹೆಚ್ಚಿಗೆ ಬೇಕೆಂದು ಹಟ ಹಿಡಿಯುವುದಕ್ಕೆ ದಾರಿ ಇರುವುದಿಲ್ಲ. ಹಬ್ಬಕ್ಕೆ ಇರುವುದೇ ಮೂರು ದಿನ. ಒಂದೊಂದನ್ನೂ ಒಂದು ದಿನ ಪೂರ್ತಿ ಆಡಲು ಬಿಡುವು ಸಿಗುತ್ತದೆ. ಸಾಮಾನು ಚಿಕ್ಕದಾದರೂ ಸಾಲುತ್ತದೆ: ಚತುರ್ದಶಿಯ ಬೆಳಿಗ್ಗೆ ಅಜ್ಜಿ ಹರಳೆಣ್ಣೆ ಒತ್ತಿ ಆರತಿ ಎತ್ತಿದ ಮೇಲೆ ಚನ್ನಪಟ್ಟಣದ ಬುಗುರಿ, ಅಮಾವಾಸ್ಯೆಯ ಸಂಜೆ ದೀಪ ಹಚ್ಚಿದ ಮೇಲೆ ಬಣ್ಣದ ಪೆನ್ಸಿಲ್ಲಿನ ಡಬ್ಬಿ, ಪಾಡ್ಯದಂದು ಒಂದು ಕತೆ ಪುಸ್ತಕ. ಸಾವಿರ ರೂಪಾಯಿಯೊಳಗೆ ಮೂರು ದಿನ ಮುಖ ಅರಳಿಸಲು ಬೇರೆ ಯಾವ ಪದ್ಧತಿಯಿಂದಲೂ ಆಗದು.

ಅಂದಹಾಗೆ, ಆಟಿಕೆ ಕೊಳ್ಳುವಾಗ ಗುರುತು ನೋಡಬೇಕು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಇಂಥ ಊರಿನದೇ ವಿಶೇಷ ತಯಾರಿಕೆ ಎಂಬ ಭೌಗೋಳಿಕ ಗುರುತು (ಜಿಐ) ಪಡೆದ ಕರಕುಶಲ ಆಟಿಕೆಗಳಿಗೆ ಮತ್ತು ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಆಟಿಕೆಗಳಿಗೆ ಅದರಿಂದ ವಿನಾಯಿತಿ ಇರುವುದರಿಂದ, ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಬೊಂಬೆಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ನಂಬಿಕೆಯ ಅಂಗಡಿಯಲ್ಲಿ ಕೊಳ್ಳಿ. ಸಂಖ್ಯೆ ತುಂಬಿಸುವ ಅವಸರದಲ್ಲಿ ರಸ್ತೆ ಬದಿಯಿಂದ ತರುವ ಮಿಣುಕು ದೀಪದ ಅಗ್ಗದ ಸಾಮಾನುಗಳ ಬಗ್ಗೆ ಮಾತ್ರ ಎಚ್ಚರವಿರಲಿ. ಅವುಗಳೊಳಗಿನ ಗುಂಡಿಯಾಕಾರದ ಪುಟ್ಟ ಬ್ಯಾಟರಿಯನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗುವ ಅಪಾಯವಿದೆ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಬರಲೇಬಾರದು.

ದಿನಕ್ಕೊಂದರ ಪದ್ಧತಿಯ ಕೊರತೆ ಒಂದೇ: ಹಬ್ಬಕ್ಕೆ ಊರಿಗೆ ಹೋಗುವವರಿಗೆ ಇದು ಹೊರೆ. ಬಸ್ಸಿನಲ್ಲಿ ಮೂರು ಪೊಟ್ಟಣ ಬಚ್ಚಿಟ್ಟುಕೊಂಡು ಹೋಗುವುದು ಒಂದು ಕಷ್ಟವಾದರೆ, ಅಲ್ಲಿ ಸೇರುವ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಎದುರು ನಿಮ್ಮ ಮಗುವಿಗೆ ಮಾತ್ರ ದಿನವೂ ಪೊಟ್ಟಣ ಬಿಚ್ಚಿಕೊಡುವುದು ಇನ್ನೂ ದೊಡ್ಡ ಮುಜುಗರ.

ನಾಲ್ಕರ ಸೂತ್ರ

ಅಮೆರಿಕದ ಕ್ರಿಸ್‌ಮಸ್‌ನಿಂದ ಹೊರಟು ಅಲ್ಲಿರುವ ಕನ್ನಡಿಗರ ಮನೆಗಳ ಮೂಲಕ ಇಲ್ಲಿಗೂ ತಲುಪಿರುವ ಸೂತ್ರವಿದು: ಆಸೆಪಟ್ಟದ್ದು ಒಂದು, ಬೇಕೇಬೇಕಾದದ್ದು ಒಂದು, ತೊಡುವುದು ಒಂದು, ಓದುವುದು ಒಂದು. ನಮ್ಮ ಹಬ್ಬಕ್ಕೆ ಇದು ಹೇಗೆ ಕೂಡುತ್ತದೆಂದು ನೋಡಿದರೆ, ತೊಡುವುದು ಹೇಗೂ ಬರುವಂಥದ್ದೇ. ಉಳಿದ ಮೂರನ್ನಷ್ಟೇ ಹೊಂದಿಸಬೇಕು. ಬೇಕೇಬೇಕಾದದ್ದರ ಜಾಗಕ್ಕೆ ಶಾಲೆಯ ಚೀಲ, ನೀರಿನ ಬಾಟಲಿ, ಶೂ ಬಂದರೆ ಹೇಗೂ ಆಗಬೇಕಿದ್ದ ಖರ್ಚು ಹಬ್ಬದ ಹೆಸರಿನಲ್ಲಿ ಆದಂತಾಯಿತು. ಓದುವುದಕ್ಕೆ ಕನ್ನಡದಲ್ಲಿ ಈಗ ಬಡತನವಿಲ್ಲ. ನವಕರ್ನಾಟಕ, ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್ ಇವರೆಲ್ಲ ತರುವ ಚಿತ್ರಪುಸ್ತಕಗಳು ಒಂದು ಮಸಾಲೆದೋಸೆಯ ಆಸುಪಾಸಿನ ಬೆಲೆಗೂ ಸಿಗುತ್ತವೆ, ರಾಜ್ಯೋತ್ಸವದ ಹೊತ್ತಿನಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿಯೂ ಇರುತ್ತದೆ.

ಇಬ್ಬರು ಮೂವರು ಮಕ್ಕಳಿರುವ, ವಯಸ್ಸಿನಲ್ಲಿ ಅಂತರವಿರುವ ಮನೆಗಳಿಗೆ ಈ ಸೂತ್ರ ಬಹಳ ಅನುಕೂಲ. ಎಲ್ಲರಿಗೂ ನಾಲ್ಕೇ ಆದ್ದರಿಂದ ಚಿಕ್ಕವರ ಎಣಿಕೆಗೆ ಸಮ. ಒಳಗಿನ ಬೆಲೆ ವಯಸ್ಸಿಗೆ ತಕ್ಕಂತೆ ಬೇರೆಯಾದರೂ ತಕರಾರಿಲ್ಲ. ಆದರೆ ಎಚ್ಚರ ತಪ್ಪಿದರೆ ಇದು ಮೋಸದಂತೆ ಕಾಣುತ್ತದೆ. ಹೊಸ ಚೀಲವನ್ನು ಬಣ್ಣದ ಕಾಗದದಲ್ಲಿ ಸುತ್ತಿಕೊಟ್ಟಾಗ ಎಂಟು ವರ್ಷದ ಹುಡುಗಿ, ‘ಇದು ಹೇಗಿದ್ದರೂ ಕೊಡಿಸಬೇಕಿತ್ತಲ್ಲ’ ಎಂದರೆ ನೀವು ಮರುಮಾತಾಡುವಂತಿಲ್ಲ. ಅಗತ್ಯದ ವಸ್ತುವನ್ನು ಕೊಡುವುದಾದರೆ ಅದರ ಬಣ್ಣ, ಚಿತ್ರ, ಬಗೆಯನ್ನಾದರೂ ಅವರ ಆಯ್ಕೆಗೇ ಬಿಡಬೇಕು. ಇನ್ನು ಅಮೆರಿಕ, ಬ್ರಿಟನ್ ಮೊದಲಾದೆಡೆ ಇರುವವರಿಗೆ ದೀಪಾವಳಿಯೂ ಕ್ರಿಸ್‌ಮಸ್ಸೂ ಒಂದೂವರೆ ಎರಡು ತಿಂಗಳ ಆಸುಪಾಸಿನ ಅಂತರದಲ್ಲಿ ಬರುತ್ತವೆ. ಎರಡಕ್ಕೂ ನಾಲ್ಕು ನಾಲ್ಕು ಎಂದು ಹೊರಟರೆ ಎಂಟಾಗುತ್ತದೆ. ತೊಡುವುದನ್ನೂ ಓದುವುದನ್ನೂ ದೀಪಾವಳಿಗೆ, ಆಸೆಯದನ್ನೂ ಅಗತ್ಯದ್ದನ್ನೂ ಕ್ರಿಸ್‌ಮಸ್‌ಗೆ ಹಂಚಿಕೊಂಡರೆ, ಶಾಲೆಯಲ್ಲಿ ಗೆಳೆಯರು ತಮ್ಮ ಉಡುಗೊರೆಗಳ ಮಾತೆತ್ತಿದಾಗ ಮಗುವಿಗೂ ಹೇಳಲು ಏನಾದರೂ ಇರುತ್ತದೆ.

ಮನೆಗೊಂದು

ಮಕ್ಕಳಿಗೆಲ್ಲ ಸೇರಿಸಿ ಒಂದೇ ಸಾಮಾನು: ಕೇರಂ ಬೋರ್ಡು, ಅಳಗುಳಿ ಮಣೆ, ಚೌಕಾಬಾರದ ಹಾಸು, ಶಟಲ್ ಬ್ಯಾಟಿನ ಜೋಡಿ. ಖರ್ಚು ಕಡಿಮೆ, ಹಬ್ಬದ ಮೂರು ದಿನ ದೊಡ್ಡವರೂ ಕೂತು ಆಡುತ್ತಾರೆ. ಆದರೆ ವಯಸ್ಸಿನ ಅಂತರ ನಾಲ್ಕು ವರ್ಷಕ್ಕಿಂತ ಹೆಚ್ಚಿದ್ದರೆ ಇದು ದೊಡ್ಡ ಮಗುವಿನ ಉಡುಗೊರೆಯಾಗಿಬಿಡುತ್ತದೆ, ಚಿಕ್ಕದು ಕಾಯಿ ಎತ್ತಿಕೊಡುವ ಆಳಾಗುತ್ತದೆ. ಒಂದನ್ನೇ ನೆಚ್ಚದೆ, ತಲೆಗೊಂದು ಸಣ್ಣದರ ಜೊತೆ ಮನೆಗೊಂದು ಸೇರಿಸಿದರೆ ಇದು ಚೆನ್ನಾಗಿ ಒದಗುತ್ತದೆ. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೆಲ್ಲ ಊರಿನಲ್ಲಿ ಸೇರುವ ಹಬ್ಬಕ್ಕಂತೂ ನಾನು ಸೂಚಿಸುವುದು ಇದನ್ನೇ.

ಹಣ ಕೊಡುವುದು, ಕರೆದುಕೊಂಡು ಹೋಗುವುದು

ಈದಿಯ ಪದ್ಧತಿಯಿಂದ ಕಲಿಯುವುದಿದೆ ಎಂದೆನಲ್ಲ, ಅದು ಇಲ್ಲಿದೆ. ಹತ್ತು ಮಂದಿ ಹಿರಿಯರು ಹತ್ತು ಸಾಮಾನು ಕೊಟ್ಟರೆ ಹತ್ತು ಮೂಲೆ ತುಂಬುತ್ತವೆ. ಹತ್ತು ಮಂದಿ ನೂರು ನೂರು ರೂಪಾಯಿ ಕೊಟ್ಟರೆ ಮಗುವಿನ ಬಳಿ ಸಾವಿರ ರೂಪಾಯಿ ಸೇರುತ್ತದೆ, ಅದರಿಂದ ಒಂದೇ ಒಂದನ್ನು ತಾನೇ ಆರಿಸಿ ಕೊಳ್ಳಬಹುದು. ನಮ್ಮ ಅಜ್ಜಿಯರೂ ಆರತಿ ಮಾಡಿ ಮಡಚಿದ ನೋಟನ್ನು ಅಂಗೈಗೆ ಒತ್ತುತ್ತಿದ್ದರಲ್ಲವೇ? ಎಂಟು ಒಂಬತ್ತು ವರ್ಷದಿಂದ ಮೇಲಿನವರಿಗೆ ಇದು ಚೆನ್ನಾಗಿ ಹಿಡಿಸುತ್ತದೆ. ಕೊಟ್ಟ ಹಣವನ್ನು ‘ಜೋಪಾನವಾಗಿ ಇಡುತ್ತೇನೆ’ ಎಂದು ತಾಯಿ ಇಸಿದುಕೊಂಡು ಮನೆಖರ್ಚಿಗೆ ಸೇರಿಸುವ ಹಳೆಯ ಚಾಳಿಯನ್ನು ಮಾತ್ರ ಬಿಡಬೇಕು. ಮಕ್ಕಳು ಅದನ್ನು ಮರೆಯುವುದಿಲ್ಲ, ನಾನೂ ಮರೆತಿಲ್ಲ.

ಉಳಿತಾಯದ ರೂಪದಲ್ಲಿ ಕೊಡುವವರೂ ಇದ್ದಾರೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ತೆರೆಯುವ, ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೂ ನಡೆಯುವ ಸುಕನ್ಯಾ ಸಮೃದ್ಧಿ ಖಾತೆ, ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದಾದ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ ಎರಡೂ ಒಳ್ಳೆಯವೇ. ಆದರೆ ಸುಕನ್ಯಾ ಖಾತೆ ಪಕ್ವವಾಗುವುದು ತೆರೆದು 21 ವರ್ಷಕ್ಕೆ. ಅದು ತಂದೆತಾಯಿ ಮಾಡಬೇಕಾದ ಕರ್ತವ್ಯ. ಹಬ್ಬದ ಸಂಜೆ ಪಾಸ್‌ಬುಕ್ಕು ತೋರಿಸಿ ಇದೇ ನಿನ್ನ ಉಡುಗೊರೆ ಎನ್ನುವುದು ಆರು ವರ್ಷದ ಮಗುವಿಗೆ ಮಾಡುವ ತಮಾಷೆಯಷ್ಟೇ. ಅಜ್ಜಿ ತಾತಂದಿರಿಗೆ ಮೊಮ್ಮಗಳಿಗಾಗಿ ಹೆಚ್ಚು ಖರ್ಚು ಮಾಡಲೇಬೇಕೆಂಬ ಹಂಬಲವಿದ್ದರೆ ಆ ಹೆಚ್ಚಿನ ಮೊತ್ತವನ್ನು ಈ ಕಡೆ ತಿರುಗಿಸಲು ಹೇಳಿ. ಸಾಮಾನಿನ ಸಂಖ್ಯೆ ತಾನಾಗಿ ಇಳಿಯುತ್ತದೆ.

ವಸ್ತುವಿನ ಬದಲು ಪ್ರವಾಸ ಎನ್ನುವುದು ಈಚೆಗೆ ಬಹಳ ಕೇಳಿಬರುವ ಮಾತು. ಮೈಸೂರಿನ ಮೃಗಾಲಯ, ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ನೆಹರು ತಾರಾಲಯ, ಇಲ್ಲವೇ ಬೊಂಬೆ ಕಡೆಯುವುದನ್ನೇ ಕಣ್ಣಾರೆ ತೋರಿಸಲು ಚನ್ನಪಟ್ಟಣಕ್ಕೆ ಒಂದು ದಿನದ ಪಯಣ, ಎಲ್ಲವೂ ಸೊಗಸೇ. ಆದರೆ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಂಡದ್ದೇನೆಂದರೆ, ಚಿಕ್ಕ ಮಕ್ಕಳಿಗೆ ಅನುಭವಗಳಿಗಿಂತ ವಸ್ತುಗಳಿಂದಲೇ ಹೆಚ್ಚು ಸಂತೋಷವಾಗುತ್ತದೆ, ಹದಿಹರೆಯಕ್ಕೆ ಬರುತ್ತಾ ಅನುಭವಗಳ ಸಂತೋಷ ಮೇಲಾಗುತ್ತದೆ. ಆದ್ದರಿಂದ ಐದು ವರ್ಷದ ಮಗುವನ್ನು ಪ್ರವಾಸಕ್ಕೆ ಕರೆದೊಯ್ದರೂ ಅಲ್ಲಿಂದ ಕೈಯಲ್ಲಿ ಹಿಡಿಯುವಂಥದ್ದೊಂದನ್ನು ಕೊಡಿಸಿ. ಹದಿಮೂರರ ಹುಡುಗನಿಗೆ ಪ್ರವಾಸವೊಂದೇ ಸಾಕು, ಅವನ ಗೆಳೆಯನೊಬ್ಬನನ್ನೂ ಕರೆದೊಯ್ದರೆ ಬೇರೆ ಯಾವ ಉಡುಗೊರೆಯನ್ನೂ ಕೇಳಲಾರ.

ಲೆಕ್ಕವಿಲ್ಲದಷ್ಟು

ಕಂಡಾಗಲೆಲ್ಲ ಕೊಂಡು ಕೂಡಿಡುವ, ಹಬ್ಬದಂದು ಎಲ್ಲವನ್ನೂ ಒಟ್ಟಿಗೆ ಸುರಿಯುವ ಮನೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಣವಿದ್ದವರು ಮಾಡಲಿ. ನಾಲ್ಕನೆಯದನ್ನು ಬಿಚ್ಚುವ ಹೊತ್ತಿಗೆ ಮಗು ಮೂರನೆಯದನ್ನು ನೋಡಿಯೇ ಇರುವುದಿಲ್ಲ ಎಂಬುದನ್ನು ಒಮ್ಮೆ ಪಕ್ಕದಲ್ಲಿ ಕುಳಿತು ಗಮನಿಸಿದರೆ ಸಾಕು.

ನಿಮ್ಮ ಮನೆಗೆ ಯಾವುದು?

ಕೊಡುವ ಬಂಧುಗಳು ಐವರಿಗಿಂತ ಹೆಚ್ಚಿದ್ದರೆ ನೀವು ಬಟ್ಟೆಗೆ ನಿಲ್ಲಿ, ಅಥವಾ ಎಲ್ಲರ ಪಾಲು ಸೇರಿಸಿ ಒಂದೇ ದೊಡ್ಡದಕ್ಕೆ ಹೋಗಿ. ನೀವೇ ಎಲ್ಲ ಆಗಿರುವ ಚಿಕ್ಕ ಮನೆಯಲ್ಲಿ, ಮಗು ಎಂಟರ ಕೆಳಗಿದ್ದರೆ ದಿನಕ್ಕೊಂದು. ಎಂಟರ ಮೇಲಿದ್ದರೆ ಒಂದು ದೊಡ್ಡದು ಅಥವಾ ಕೈಗೆ ಹಣ. ವಯಸ್ಸಿನಲ್ಲಿ ಅಂತರವಿರುವ ಇಬ್ಬರು ಮೂವರಿದ್ದರೆ ನಾಲ್ಕರ ಸೂತ್ರ. ಮೂರು ವರ್ಷದೊಳಗಿನ ಕೂಸಿಗೆ ಹೊಸದು ಒಂದು ಬಂದರೆ ಹಳೆಯದು ಎರಡು ಅಟ್ಟಕ್ಕೆ ಹೋಗಲಿ. ಒಂದು ಮಗುವಿಗೆ ಒಟ್ಟು ಸಾವಿರ ರೂಪಾಯಿ ಇಟ್ಟುಕೊಂಡವರು ನಾಲ್ಕಕ್ಕೆ ಹೋಗದೆ ಮೂರು ಸಣ್ಣವು ಇಲ್ಲವೇ ಒಂದು ಮಧ್ಯಮದ್ದಕ್ಕೆ ಗಂಟು ಹಾಕಿಕೊಳ್ಳುವುದು ಲೇಸು. ಮೂರು ನಾಲ್ಕು ಸಾವಿರವಿದ್ದವರಿಗೆ ನಾಲ್ಕರ ಸೂತ್ರ ಆರಾಮವಾಗಿ ಕೂರುತ್ತದೆ. ಹತ್ತು ಸಾವಿರ ಇದ್ದವರೂ ಸಂಖ್ಯೆಯನ್ನು ನಾಲ್ಕರಿಂದ ಮೇಲೇರಿಸದೆ ವಸ್ತುವಿನ ಗುಣಮಟ್ಟವನ್ನು ಏರಿಸುವುದೇ ಸರಿ.

ಸಂಖ್ಯೆ ನಿರ್ಧಾರವಾದ ಮೇಲೆ ಉಳಿಯುವ ಕಷ್ಟದ ಕೆಲಸ, ಅದನ್ನು ಬಂಧುಗಳಿಗೆ ತಿಳಿಸುವುದು. ‘ಏನೂ ತರಬೇಡಿ’ ಎಂದು ಅಜ್ಜಿಗೆ ಹೇಳಿದರೆ ಅವರು ನೊಂದುಕೊಳ್ಳುತ್ತಾರೆ, ತರುವುದನ್ನೂ ಬಿಡುವುದಿಲ್ಲ. ಬೇಡ ಎನ್ನುವ ಬದಲು ಏನು ಬೇಕೆಂದು ಹೇಳುವುದು ಫಲ ಕೊಡುತ್ತದೆ: ‘ಅಮ್ಮಾ, ಅವಳ ಬಟ್ಟೆ ನಿಮ್ಮದು, ಕತೆ ಪುಸ್ತಕ ಅವಳ ಸೋದರಮಾವನದು, ಆಟದ ಸಾಮಾನು ನಮ್ಮದು’ ಎಂದು ಪಾಲು ಹಂಚಿಬಿಟ್ಟರೆ ಪ್ರತಿಯೊಬ್ಬರಿಗೂ ತಮ್ಮದೇ ಎನ್ನುವ ಒಂದು ಜಾಗ ಸಿಗುತ್ತದೆ. ಈ ಮಾತನ್ನು ಹಬ್ಬಕ್ಕೆ ತಿಂಗಳು ಮೊದಲೇ ಆಡಬೇಕು, ಕೊಂಡ ಮೇಲೆ ಆಡಿದರೆ ಜಗಳ. ಗಂಡನ ಕಡೆಯವರಿಗೆ ಗಂಡ, ಹೆಂಡತಿಯ ಕಡೆಯವರಿಗೆ ಹೆಂಡತಿ ಹೇಳುವುದು ಕ್ಷೇಮ.

ಇಷ್ಟೆಲ್ಲ ಮಾಡಿಯೂ ಈ ವರ್ಷ ಆಗಲೇ ಹೆಚ್ಚು ಬಂದುಬಿಟ್ಟಿದ್ದರೆ, ಬಿಚ್ಚದೆ ಉಳಿದವನ್ನು ಅಟ್ಟಕ್ಕೇರಿಸಿ. ಕೊಟ್ಟವರ ಹೆಸರನ್ನು ಪೆನ್ಸಿಲ್ಲಿನಲ್ಲಿ ಪೊಟ್ಟಣದ ಮೇಲೆ ಬರೆದಿಡಿ; ಇಲ್ಲವಾದರೆ ಸಂಕ್ರಾಂತಿಗೆ ಕೆಳಗಿಳಿಸಿ ಕೊಡುವಾಗ ಅತ್ತೆ ಕೊಟ್ಟದ್ದನ್ನು ಅತ್ತೆಯ ಮಗಳಿಗೇ ತಿರುಗಿ ಕೊಡುವ ಪ್ರಸಂಗ ಬರುತ್ತದೆ. ನಮ್ಮಲ್ಲಿ ಒಮ್ಮೆ ಬಂದಿತ್ತು.